ರೇಡಿಯೇಟರ್‌ಗೆ ನೀರು ಬಂದ ದಿನ

ಕಾರಿನ ರೇಡಿಯೇಟರ್‌ಗೆ ಒಂದು ಡ್ರೈನ್ ಪ್ಲಗ್ ಇರುತ್ತದೆ. ಹೆಬ್ಬೆರಳಿನ ದಪ್ಪ, ಕರಿ ಬಣ್ಣ, ನೋಡೋಕೆ ಏನೂ ಇಲ್ಲ. ಅದು ಇರಬೇಕಾದ ಜಾಗ ರೇಡಿಯೇಟರ್‌ನ ಬುಡ. ಕಳೆದ ಭಾನುವಾರ ಅದು ನನ್ನ ಶರ್ಟಿನ ಜೇಬಿನಲ್ಲಿತ್ತು.

ಶರ್ಟಿನ ಸಮೇತ ನಾನು ರಾಬರ್ಟ್‌ಸನ್‌ಪೇಟೆಯಲ್ಲಿದ್ದೆ. ಕಾರು ಆಂಡರ್ಸನ್‌ಪೇಟೆಯ ನಮ್ಮ ಮನೆ ಮುಂದೆ ಬಾನೆಟ್ ಎತ್ತಿಕೊಂಡು, ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ ಬಾಯಿ ತೆರೆದುಕೊಂಡು ನಿಂತಿತ್ತು.

ಇಷ್ಟೇ ಆಗಿದ್ದರೆ ನಿಮ್ಮ ಟೈಮ್ ಹಾಳು ಮಾಡುತ್ತಿರಲಿಲ್ಲ. ಆದರೆ ಅವತ್ತು ನಮ್ಮ ಬೀದಿಗೆ ನೀರು ಬರುವ ದಿನ.

ಸ್ವಲ್ಪ ಹಿಂದಕ್ಕೆ ಹೋಗೋಣ. ಶನಿವಾರ ಬಂಗಾರಪೇಟೆಯಲ್ಲಿ ಕಾರಿನ ಟೆಂಪರೇಚರ್ ಮುಳ್ಳು ಮೇಲಕ್ಕೆ ಹತ್ತತೊಡಗಿತು. ಅಲ್ಲೇ ಇರುವ ನಮ್ಮ ಮೆಕ್ಯಾನಿಕ್ ಮುನಿಯಪ್ಪಣ್ಣ ಇಂಜಿನ್ ತಣ್ಣಗಾಗುವವರೆಗೂ ಕಾದು, ರೇಡಿಯೇಟರ್ ಮುಚ್ಚಳ ತೆಗೆದು, ಇಂಜಿನ್ ತಣ್ಣಗಿಡುವ ಕೂಲೆಂಟನ್ನು ಇಣುಕಿ ನೋಡಿದ.

"ಏನ್ಲಾ ಇದು? ಕೂಲೆಂಟಾ, ಉಣಿಸೆ ರಸಾನಾ? ಸೋಮವಾರ ತಕ್ಕೊಂಡ್ ಬಾ, ಎಲ್ಲಾ ಇಳಿಸಿ ಒಸಾದು ಆಕ್ಕೊಡ್ತೀನಿ."

ಸೋಮವಾರ ಆಗೋದಿಲ್ಲ. ಸೋಮವಾರ ಬೆಳಗ್ಗೆ ಆರಕ್ಕೆ ಕಾರು ರಾಣಿ ಅಕ್ಕನದು.

ರಾಣಿ ಅಕ್ಕ ಪಕ್ಕದ ಮನೆಯವರು. ವರ್ಷಗಟ್ಟಲೆ ಬೆಳಗಿನ ರೈಲು ಹತ್ತಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋದವರು. ಈಗ ಅದನ್ನು ಬಿಟ್ಟು ಮನೆಯ ಕಿಟಕಿಯಲ್ಲೇ ಇಡ್ಲಿ ಮಾರುತ್ತಾರೆ. ಮೊದಲ ಸಲ ದೊಡ್ಡ ಆರ್ಡರ್ ಬಂದಿತ್ತು: ಕಾಮಸಮುದ್ರದಲ್ಲಿ ಒಂದು ನಾಮಕರಣ, ನೂರು ಜನಕ್ಕೆ ಟಿಫನ್. "ಇದ್ ಒಂದ್ ಸರಿಯಾಗ್ ಆಗ್ಬಿಟ್ರೆ ಆ ರೈಲಿನ್ ಮುಖ ನೋಡಲ್ಲ ತಂಬಿ" ಅಂದಿದ್ದರು. ಕಾರು ನಾನು ತರ್ತೀನಿ ಅಂತ ಮಾತು ಕೊಟ್ಟಿದ್ದೆ.

ಭಾನುವಾರ ಮುನಿಯಪ್ಪಣ್ಣನ ಅಂಗಡಿ ರಜೆ. ಸರಿ, ಇಂಟರ್‌ನೆಟ್ ಇದೆಯಲ್ಲ? ಎಂಟು ನಿಮಿಷದ ಒಂದು ವಿಡಿಯೋ ಸಿಕ್ಕಿತು. ಅದರಲ್ಲಿದ್ದ ಮನುಷ್ಯ ಬಿಳಿ ಶರ್ಟ್ ಹಾಕಿಕೊಂಡೇ ಕೂಲೆಂಟ್ ಬದಲಾಯಿಸಿಬಿಟ್ಟ. ಒಂದು ಚುಕ್ಕೆ ಬೀಳಲಿಲ್ಲ. ನಾನೂ ಬಿಳಿ ಶರ್ಟ್ ಹಾಕಿಕೊಂಡೆ. (ಅದು ಈಗ ಕಾರು ಒರೆಸುವ ಬಟ್ಟೆ.)

"ಅಕ್ಕಿ ತೊಳೆಯೋ ಬೇಸಿನ್ ಮುಟ್ಟಿದ್ರೆ ಕೈ ಮುರೀತೀನಿ" ಅಂತ ಹೇಳಿಯೇ ಅಮ್ಮ ನೆಂಟರ ಮನೆಗೆ ಹೊರಟರು. ಹಾಗಾಗಿ ಹಳೇ ಪೇಂಟ್ ಡಬ್ಬ ಕತ್ತರಿಸಿ ಕಾರಿನ ಕೆಳಗಿಟ್ಟೆ. ರೇಡಿಯೇಟರ್ ಮುಚ್ಚಳ ತೆಗೆದಿಟ್ಟು, ಬುಡದ ಪ್ಲಗ್ ತಿರುಗಿಸಿ ಜೇಬಿಗೆ ಹಾಕಿಕೊಂಡೆ. ಕಂದು ರಸ ಅರ್ಧ ಡಬ್ಬಕ್ಕೆ, ಅರ್ಧ ನನ್ನ ತೋಳಿಗೆ. ಹಳೇ ಕೂಲೆಂಟ್ ಸಿಹಿ ಇರುತ್ತದಂತೆ, ನಾಯಿ ಮೇಕೆ ನೆಕ್ಕಿದರೆ ಕಥೆ ಮುಗಿದಂತೆ. ಅದನ್ನು ಕ್ಯಾನಿಗೆ ಸುರಿದು, ಬಿಗಿಯಾಗಿ ಮುಚ್ಚಿ ಅಟ್ಟಕ್ಕೇರಿಸಿದೆ. ಅವತ್ತು ನಾನು ಮಾಡಿದ ಬುದ್ಧಿವಂತ ಕೆಲಸ ಅದೊಂದೇ. ಮಿಕ್ಕಿದ್ದನ್ನು ಓದಿ.

ಆಮೇಲೆ ಗೊತ್ತಾಯಿತು, ಹಾಕೋಕೆ ಹೊಸ ಕೂಲೆಂಟೇ ಇಲ್ಲ. "ಮೊದಲು ತಂದಿಟ್ಟುಕೊಳ್ಳಿ" ಅಂತ ವಿಡಿಯೋದಲ್ಲಿ ಹೇಳಿದ್ದನಂತೆ. ಆ ಭಾಗವನ್ನು ನಾನು ಫಾಸ್ಟ್ ಫಾರ್ವರ್ಡ್ ಮಾಡಿದ್ದೆ.

ಅದನ್ನು ತರೋಕೆ ರಾಬರ್ಟ್‌ಸನ್‌ಪೇಟೆಗೆ ಹೊರಡುವಾಗ ರಾಣಿ ಅಕ್ಕನಿಗೆ ಕೂಗಿದೆ: "ಅಕ್ಕಾ, ನೀರ್ ಬಂದ್ರೆ ನಮ್ದೂ ತುಂಬಿಸ್ಬಿಡಿ!"

ನಮ್ಮ ಬೀದಿಯಲ್ಲಿ ನೀರು ಬರೋದು ವಾರಕ್ಕೊಂದು ಸಲ, ಒಂದು ಗಂಟೆ. ಮನೆಯಲ್ಲಿ ಇರುವವರು ಇಲ್ಲದವರ ಕೊಡಗಳನ್ನೂ ತುಂಬಿಸಬೇಕು, ತಮ್ಮದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಬರೆದಿಟ್ಟ ಕಾನೂನಲ್ಲ. ಆದರೆ ಅವತ್ತು ಬೀದಿಯಲ್ಲಿ ಮುಚ್ಚಳ ತೆಗೆದಿಟ್ಟ ಏನೇ ಇದ್ದರೂ ಅದಕ್ಕೆ ನೀರು ಬೀಳುತ್ತದೆ.

ಏನೇ ಇದ್ದರೂ!

ಕೂಲೆಂಟ್ ಹಿಡಿದುಕೊಂಡು ವಾಪಸ್ ಬಂದಾಗ ರೇಡಿಯೇಟರ್‌ನ ಬಾಯಲ್ಲಿ ನಲ್ಲಿಯ ಹಸಿರು ಪೈಪು. ಕಾರಿನ ಕೆಳಗಿಂದ ಬೀದಿಯ ತುದಿಯವರೆಗೆ ಒಂದು ಸಣ್ಣ ಹೊಳೆ.

ರುಬ್ಬುವ ಕೈಯನ್ನು ಸೆರಗಿಗೆ ಒರೆಸುತ್ತಾ ರಾಣಿ ಅಕ್ಕ ಹೊರಗೆ ಬಂದರು. "ಬಾ ತಂಬಿ. ಎಲ್ರದೂ ತುಂಬ್ಸಿ ಇಟ್ಟಿದೀನಿ. ನಿನ್ ಕಾರು ಮಾತ್ರ ತುಂಬ್ತಾನೇ ಇಲ್ಲಪ್ಪಾ. ಎಷ್ಟ್ ಕೊಡ ಇಡೀತದೆ ಅದು?"

"ನಾಲ್ಕು ಲೀಟರ್, ಅಕ್ಕ."

"ಅಯ್ಯಯ್ಯೋ! ಅರ್ಧ ಗಂಟೆಯಿಂದ ಕುಡೀತಾ ಐತಲ್ಲ!"

ನಾನು ಜೇಬಿನಿಂದ ಪ್ಲಗ್ ತೆಗೆದು ತೋರಿಸಿದೆ. ಅವರು ಪ್ಲಗ್ ನೋಡಿದರು. ನನ್ನನ್ನು ನೋಡಿದರು. ಹೊಳೆ ನೋಡಿದರು. ಅಷ್ಟರಲ್ಲಿ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಬೀದಿಯವರದೆಲ್ಲ ತುಂಬಿತ್ತು. ರಾಣಿ ಅಕ್ಕನ ಎರಡು ನೀಲಿ ಡ್ರಮ್ ಮಾತ್ರ ಖಾಲಿ.

"ನಾಳೆ ಸಾಂಬಾರ್‌ಗೆ, ಇಡ್ಲಿ ಬೇಯ್ಸಕ್ಕೆ..." ಅಂದರು. ಮೆಟ್ಟಿಲ ಮೇಲೆ ಕೂತುಬಿಟ್ಟರು. ಬೈಯಲೂ ಇಲ್ಲ. ನನ್ನಂಥವರಿಗೆ ಬೈಗುಳ ಅಭ್ಯಾಸ ಇದೆ ಸ್ವಾಮಿ, ಬೈಯದೇ ಬಿಡೋದು ಅಭ್ಯಾಸ ಇಲ್ಲ.

ಎರಡು ಕೊಡ ಎತ್ತಿಕೊಂಡು ಬೀದಿಗೆ ಹೊರಟೆ. ಮೊದಲು ನಮ್ಮ ಮನೆಯದನ್ನು ಸುರಿದೆ. ಆಮೇಲೆ ಹದಿನಾಲ್ಕು ಮನೆ, ಪ್ರತಿ ಬಾಗಿಲಲ್ಲೂ ಅದೇ ತಪ್ಪೊಪ್ಪಿಗೆ. ಮೂರನೇ ಮನೆಯ ಹೊತ್ತಿಗೆ ಕಥೆ ಚೆನ್ನಾಗಿ ಹೇಳೋಕೆ ಬಂತು. ಎಂಟನೇ ಮನೆಗೆ ನನಗಿಂತ ಮುಂಚೆ ಕಥೆಯೇ ಹೋಗಿ ಕೂತಿತ್ತು.

"ವೀಡೇನಾ?" ಇವನೇನಾ ಅಂತ ಕೊನೇ ಮನೆಯ ತಾತ ತೆಲುಗಿನಲ್ಲಿ ಸೊಸೆಯನ್ನು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಕಾರಿಗೆ ತಲೆಸ್ನಾನ ಮಾಡ್ಸಿದೋನು ನೀನೇ ಏನ್ಲಾ? ಸೀಗೆಪುಡಿ ಆಕಿದ್ಯಾ?" ಅಂದರು. ನಕ್ಕು ಕೆಮ್ಮಿದರು. ಎರಡು ಕೊಡ ಕೊಟ್ಟರು.

ಯಾರೂ ಇಲ್ಲ ಅನ್ನಲಿಲ್ಲ. ವಾರಕ್ಕೊಂದು ಗಂಟೆಯ ನೀರು ಅದು! ಬಿಸಿಲು ಇಳಿಯುವಷ್ಟರಲ್ಲಿ ಒಂದೂವರೆ ಡ್ರಮ್ ಆಗಿತ್ತು. ಪಕ್ಕದ ಮನೆಯವರು ಗೇಟು ಮುಟ್ಟಿದರೇ ಜಗಳವಾಗುವ ಊರುಗಳಿವೆಯಂತೆ. ನಮ್ಮಲ್ಲಿ ರೇಡಿಯೇಟರ್ ತನಕ ಬರುತ್ತಾರೆ. ಕಂಪ್ಲೇಂಟ್ ಯಾರ ಮೇಲೆ ಕೊಡೋದು?

ಇನ್ನು ಕಾರು. ಮುನಿಯಪ್ಪಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಕಡೆಯಿಂದ ನಗು ನಿಲ್ಲೋಕೆ ಸ್ವಲ್ಪ ಹೊತ್ತಾಯಿತು.

"ಬುಡದಾಗ ನೀರು ತಿಳಿಯಾಗ್ ಬತ್ತಾ ಇತ್ತಾ?"

"ಕುಡಿಯೋ ಹಾಗಿತ್ತು ಅಣ್ಣ."

"ಅಂಗಾದ್ರೆ ನನ್ ಕೆಲ್ಸ ಆಯಮ್ಮ ಮಾಡ್ಬುಟ್ಟೈತೆ ಕಣ್ಲಾ! ನಾನೂ ಅಷ್ಟ್ ನೀರ್ ಬಿಡ್ತಿರ್ಲಿಲ್ಲ. ಈಗ ಬ್ಯಾಟರಿಗೆ ಆಕ್ತಾರಲ್ಲ, ಆ ಡಿಸ್ಟಿಲ್ಡ್ ನೀರಲ್ಲಿ ಒಂದ್ ಸಲ ಜಾಲಾಡು. ನಮ್ ನಲ್ಲಿ ನೀರ್ ಒಳಗೇ ಬಿಟ್ರೆ ಉಪ್ಪು ಕಟ್ಕಂತದೆ. ಆಮೇಲೆ ಕೂಲೆಂಟ್ ಉಯ್ದು, ಮುಚ್ಚಳ ತೆಗ್ದೇ ಇಂಜಿನ್ ಸ್ಟಾರ್ಟ್ ಮಾಡು. ಗುಳುಗುಳು ಅಂತ ಗಾಳಿ ಓಗ್ಲಿ, ಕಮ್ಮಿ ಆದಂಗೆ ತುಂಬ್ಸು, ಆಮೇಲೆ ಮುಚ್ಚು. ಆಂ, ಇನ್ನೊಂದು."

"ಏನಣ್ಣ?"

"ಮೊದ್ಲು ಪ್ಲಗ್ ಆಕು."

ಹಾಕಿದೆ. ಮೂರು ಸಲ ಮುಟ್ಟಿ ನೋಡಿದೆ. ರಾಣಿ ಅಕ್ಕ ಬಂದು ನಾಲ್ಕನೇ ಸಲ ಬಗ್ಗಿ ನೋಡಿದರು.

ಸೋಮವಾರ ಆರಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ಇಡ್ಲಿ ಪಾತ್ರೆಗಳು, ಮುಂದೆ ತೊಡೆಯ ಮೇಲೆ ಚಟ್ನಿ ಇಟ್ಟುಕೊಂಡ ರಾಣಿ ಅಕ್ಕ. ಕಾಮಸಮುದ್ರದವರೆಗೂ ಅವರು ರಸ್ತೆ ನೋಡಲಿಲ್ಲ, ಆ ಟೆಂಪರೇಚರ್ ಮುಳ್ಳನ್ನೇ ನೋಡುತ್ತಿದ್ದರು. ಅದು ಮಧ್ಯಕ್ಕೆ ಬಂದು, ಸ್ಕೂಲ್ ಪ್ರೇಯರಿನಲ್ಲಿ ನಿಂತ ಹುಡುಗನ ಹಾಗೆ ನಿಂತಿತು. ಅಲ್ಲಾಡಲಿಲ್ಲ.

ಒಂಬತ್ತು ಗಂಟೆಗೆ ಪಾತ್ರೆಗಳೆಲ್ಲ ಖಾಲಿ. ಮಗುವಿನ ಅಜ್ಜಿ ಬಂದು ರಾಣಿ ಅಕ್ಕನ ಫೋನ್ ನಂಬರ್ ಬರೆಸಿಕೊಂಡರು. ಮುಂದಿನ ತಿಂಗಳು ಅವರ ತಂಗಿ ಮನೆಯಲ್ಲಿ ಗೃಹಪ್ರವೇಶ, ಇನ್ನೂರು ಜನವಂತೆ.

ವಾಪಸ್ ಬರುವಾಗ ರಾಣಿ ಅಕ್ಕ ಖಾಲಿ ಚಟ್ನಿ ಪಾತ್ರೆಯ ಮೇಲೆ ಕೈಯಿಟ್ಟುಕೊಂಡು ಹೇಳಿದರು:

"ಆ ಆರ್ಡರ್‌ಗೂ ನಿನ್ ಕಾರೇ ಬರ್ಲಿ ತಂಬಿ. ಆದ್ರೆ ಅದ್ಕ್ ಮುಂಚಿನ್ ದಿನ ನೀನ್ ಮಾತ್ರ ಊರಾಗಿರ್ಬೇಡ."