ಕೆಂಪು ಕೆನ್ನೆ, ಬೋಳು ಕೆನ್ನೆ

ಗೊರಗುಂಟೆಪಾಳ್ಯದ ಅಕ್ಬರಿಯ ಕೈ ಅಂಗಿಗಳಿಗೆ ಕಾಜ ಹೊಲೆಯುತ್ತಿದ್ದರೂ ಕಣ್ಣು ಮಾತ್ರ ಜಗಲಿಯ ಪಂಜರದ ಮೇಲೇ. ಹಡಗಿನಲ್ಲಿ ಅಡುಗೆಯವನಾಗಿದ್ದ ತಮ್ಮ ದಿಲ್ಶಾದ್ ೧೯೫೮ರಲ್ಲಿ ಆಫ್ರಿಕಾದಿಂದ ತಂದುಕೊಟ್ಟ ಎರಡು ನೀಲಿ ಹಕ್ಕಿಗಳು ಅದರಲ್ಲಿದ್ದವು. ಗುಬ್ಬಿಗಿಂತ ಚಿಕ್ಕವು. ಒಂದರ ಕೆನ್ನೆಯಲ್ಲಿ ಕೆಂಪು ಬೊಟ್ಟು, ಇನ್ನೊಂದರದು ಬೋಳು. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ದನಿ ಅಂತ ಇದ್ದದ್ದು ಅವೆರಡರದ್ದೇ.

ಪಕ್ಕದ ಮನೆಯ ಮುನಿಕೃಷ್ಣಮ್ಮ ನೋಡಿದ್ದೇ ತಡ, ತೀರ್ಪು ಕೊಟ್ಟಳು. "ಕೆಂಪು ಕೆನ್ನೇದು ಗಂಡು, ಬೋಳು ಕೆನ್ನೇದು ಎಣ್ಣು. ಮದ್ವೆ ಇಲ್ದೆ ಇಂಗೆ ಒಂದೇ ಮನೇಲಿ ಇಕ್ಕೊಂಡಿದ್ದೀಯಲ್ಲೇ, ಊರೋರು ಏನಂದಾರು?"

ಸರಿ, ಕೇರಿಯ ಹೆಂಗಸರೆಲ್ಲ ನೆರೆದರು. ಪಂಜರಕ್ಕೆ ಅರಿಶಿನ ಬಳಿದು, ಮಾವಿನೆಲೆ ಕಟ್ಟಿ, ಸೋಬಾನೆ ಹಾಡಿದರು. ಅಕ್ಬರಿ ಶರಬತ್ತು ಹಂಚಿದಳು.

ಮೊಟ್ಟೆ ಬರಲಿಲ್ಲ. ಗಂಡನೆನಿಸಿಕೊಂಡದ್ದು ಹೆಂಡತಿಯ ನೆತ್ತಿ ಕುಕ್ಕತೊಡಗಿತು.

"ಬೇರೆ ಇಡ್ಲಾ ಅಕ್ಕಾ? ಸತ್ತೋಗುತ್ತೇನೋ ಅಂತ ಭಯ ಆಗುತ್ತೆ."

"ಸುಮ್ಕಿರೇ. ಗಂಡ ಎಂಡ್ರ ಜಗಳ ಉಂಡು ಮಲಗೋಗಂಟ. ನಡೂಕೆ ನೀನ್ಯಾಕೆ?"

ಹಿರಿಯಳ ಮಾತೆಂದು ಅಕ್ಬರಿ ತಡೆದುಕೊಂಡಳು. ಕೊನೆಗೆ ಬೋಳು ಕೆನ್ನೆಯದರ ನೆತ್ತಿಯಲ್ಲಿ ಚರ್ಮವೇ ಕಂಡಿತು. ಅದು ಕಾಳು ಮುಟ್ಟದೆ, ಗರಿ ಉಬ್ಬಿಸಿ ಮೂಲೆ ಹಿಡಿಯಿತು.

ಅಷ್ಟರಲ್ಲಿ ದಿಲ್ಶಾದ್ ರಜೆಗೆ ಬಂದ. ಮದುವೆಯ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಎರಡೂ ಗಂಡೇ ಆಪಾ! ಚೆನ್ನಾಗಿ ಹಾಡ್ತಾವೆ ಅಂತ ಕೇಳೇ ತಂದಿದ್ದು. ಜಾತೀನೂ ಬೇರೆ. ಕೆಂಪು ಕೆನ್ನೇದು ಮೊಂಬಾಸಾದು, ಇದು ಬೈರಾ ಬಂದರಿಂದು. ಈ ಜಾತೀಲಿ ಗಂಡಿಗೂ ಕೆನ್ನೆ ಕೆಂಪಿರಲ್ಲ. ಕೊಕ್ಕು ನೋಡು, ಅದರದು ಗುಲಾಬಿ, ಇದರದು ಬೂದಿ."

ಅಲ್ಲೇ ನಿಂತಿದ್ದ ಮುನಿಕೃಷ್ಣಮ್ಮ ನಗಲಿಲ್ಲ. ಮನೆಗೆ ಓಡಿ, ಕೋಳಿಮರಿ ಮುಚ್ಚುವ ಮಂಕರಿ ತಂದು, ಸಂದುಗಳಿಗೆ ಹಳೇ ಸೀರೆ ಸುತ್ತಿದಳು. "ನನ್ ಮಾತು ಕೇಳಿ ಇದುಕ್ಕೆ ಈ ಗತಿ ಬಂತು. ಸುಧಾರಿಸ್ಕೊಳ್ಳೋಗಂಟ ನಮ್ಮನೇಲಿರ್ಲಿ, ಕೊಡೇ."

ಬೇಲಿಯ ಗೂಟ ಕೆರೆದು ಗೆದ್ದಲು ತಂದಳು, ನವಣೆ ನೆನೆಸಿಟ್ಟಳು. ಮೊದಮೊದಲು ಮುಖ ತಿರುಗಿಸಿದ ಹಕ್ಕಿ ಗೆದ್ದಲಿಗೆ ಸೋತಿತು. ಮಳೆಗಾಲ ಮುಗಿಯುವಷ್ಟರಲ್ಲಿ ನೆತ್ತಿಯ ಮೇಲೆ ಕಂದು ಗರಿ ಚಿಗುರಿತು.

ಒಂದು ಮಧ್ಯಾಹ್ನ ಬೇಲಿಯಾಚೆಯಿಂದ ಹಾಡು ಕೇಳಿ ಅಕ್ಬರಿ ಸೂಜಿಯನ್ನು ಅಂಗಿಗೇ ಚುಚ್ಚಿಟ್ಟು ಓಡಿದಳು.

"ಬಂದ್ಯಾ? ತಕ್ಕೊಂಡೋಗು ನಿನ್ ಮಗನ್ನ."

ಅಕ್ಬರಿ ಮಂಕರಿಯನ್ನು ಅವಳ ಕಡೆಗೇ ಸರಿಸಿದಳು. "ಇಲ್ಲೇ ಇರ್ಲಿ ಅಕ್ಕಾ. ನೀವಿಲ್ದಿದ್ರೆ ಇದೆಲ್ಲಿ ಉಳೀತಿತ್ತು? ನಮ್ಮ ಜಗಲೀಗೇ ಕೇಳ್ಸುತ್ತೆ, ಸಾಕು."

ಮುನಿಕೃಷ್ಣಮ್ಮ ಮುಖ ತಿರುಗಿಸಿ ಮಂಕರಿಯ ಕಡೆ ಗದರಿದಳು: "ಏಯ್, ಹಾಡಿದ್ದು ಸಾಕು, ಕಾಳು ತಿನ್ನು!"