ಅಪ್ಪ ನೋಟಿಸು ವಾಪಸು ಕಳಿಸಿದ ದಿನ

ಅಮದಳ್ಳಿಯ ನಮ್ಮ ಕಾಲನಿಯಲ್ಲಿ ಯಾರ ಮನೆಗೆ ಸರ್ಕಾರಿ ಕಾಗದ ಬಂದರೂ ಅದರ ಸುದ್ದಿ ಮೊದಲು ನಮ್ಮ ಜಗಲಿಗೆ ಬರುತ್ತದೆ. ಅಪ್ಪ ಎಲೆಯಡಿಕೆಯ ಕವಳ ಜಗಿಯುತ್ತ ಪೂರ್ತಿ ಕೇಳಿಸಿಕೊಂಡು, ಕಾಗದ ತೆಗೆದುಕೊಳ್ಳಬೇಕೋ ಬೇಡವೋ ಹೇಳುತ್ತಾನೆ. ಅವನು ವಕೀಲನಲ್ಲ, ಗದ್ದೆ ಮಾಡಿಕೊಂಡಿದ್ದವನು. ನೌಕಾನೆಲೆಗೆಂದು ನಮ್ಮ ಮೊದಲಿನ ಊರನ್ನು ಎಬ್ಬಿಸಿದಾಗ ಕಲಿತ ಕಾನೂನು ಅವನದು. ಆಗ ನೋಟಿಸು ಬಂದ ಕೂಡಲೇ ಸಹಿ ಹಾಕಿ ತೆಗೆದುಕೊಂಡವರು ಮೊದಲು ಮನೆ ಬಿಟ್ಟರು, ಕೊಟ್ಟಷ್ಟು ತೆಗೆದುಕೊಂಡು ಬಾಯಿ ಮುಚ್ಚಿಕೊಂಡರು. ಅಪ್ಪ ಮತ್ತು ಅವನ ಜೊತೆಯವರು ಮಾತ್ರ ನೋಟಿಸಿನವ ಬರುವ ಸುದ್ದಿ ಸಿಕ್ಕರೆ ಸಾಕು, ಹಿತ್ತಿಲಿನಿಂದ ಗುಡ್ಡ ಹತ್ತಿಬಿಡುತ್ತಿದ್ದರು. ಅವನು ಬಾಗಿಲಿಗೆ ಅಂಟಿಸಿ ಹೋಗುತ್ತಿದ್ದ, ಮತ್ತೆ ಬರುತ್ತಿದ್ದ. ಆ ಓಡಾಟದಲ್ಲಿ ಸಿಕ್ಕ ಸಮಯದಲ್ಲಿ ಇವರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಅಂತೂ ಊರು ಹೋಯಿತು, ಆದರೆ ಇವರ ಮನೆಗಳು ಕೊನೆಗೆ ಹೋದವು. ಅಂದಿನಿಂದ ನಮ್ಮ ಕಾಲನಿಯಲ್ಲಿ ನೋಟಿಸು ತೆಗೆದುಕೊಳ್ಳದಿರುವುದು ಒಂದು ಜಾಣತನ.

ಆ ಹುಡುಗಿ ನಮ್ಮ ಮನೆಗೆ ಬಂದದ್ದು ಹಿಂದಿನ ಕೋಣೆಯ ಬಾಡಿಗೆಗೆ. ಬರ್ಮಾದವಳು. ಕಾರವಾರದಲ್ಲಿ ಸಮುದ್ರದ ಜೀವಿಗಳ ಬಗ್ಗೆ ಓದುತ್ತಿದ್ದಳು, ಹಾಸ್ಟೆಲಿನ ಅವಧಿ ಮುಗಿದಿತ್ತು. ಆಯಿ, ನನ್ನ ತಾಯಿ, ತೀರಿಕೊಂಡ ಮೇಲೆ ಮನೆಯಲ್ಲಿ ನಾನೂ ಅಪ್ಪನೂ ಇಬ್ಬರೇ. ನಾನು ಅಂಕೋಲೆಯ ಶಾಲೆಯಲ್ಲಿ ಮಾಸ್ತರತಿ. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅಪ್ಪನಿಗೆ ಮಾತಾಡಲಿಕ್ಕಾದರೂ ಆಗುತ್ತದೆ ಎಂದು ಒಪ್ಪಿಕೊಂಡೆ. ನೌಕಾನೆಲೆಯ ಹತ್ತಿರ ಪರದೇಶದವಳನ್ನು ಇಟ್ಟುಕೊಳ್ಳುವುದಲ್ಲವೇ, ಅದಕ್ಕೆ ಪೊಲೀಸರಿಗೆ ಕೊಡಬೇಕಾದ ಮಾಹಿತಿಯನ್ನೆಲ್ಲ ನಾನೇ ಹೋಗಿ ಕೊಟ್ಟು ಬಂದಿದ್ದೆ.

ಅವಳ ಅಭ್ಯಾಸ ಬಳಚು ಎಂಬ ಚಿಪ್ಪುಜೀವಿಯ ಮೇಲೆ. ಕಾಳಿ ನದಿ ಸಮುದ್ರ ಸೇರುವ ಕಡೆ, ದೇವಬಾಗದ ಆಚೀಚೆ, ಇಳಿತದ ಹೊತ್ತಿಗೆ ಕೆಸರಿನಲ್ಲಿ ನಿಂತು ಬಳಚು ಆರಿಸಿ ತಂದು ಒಂದೊಂದರ ಚಿಪ್ಪನ್ನೂ ಅಳೆಯುತ್ತಿದ್ದಳು. ಅಪ್ಪನಿಗೆ ಅದನ್ನು ನೋಡಿ ನಗು ತಡೆಯುತ್ತಿರಲಿಲ್ಲ. ನಾವು ಒಳಗಿನದನ್ನು ತಿಂದು ಚಿಪ್ಪು ಬಿಸಾಡುತ್ತೇವೆ, ನೀನು ಚಿಪ್ಪು ಇಟ್ಟುಕೊಂಡು ಒಳಗಿನದನ್ನು ಬಿಸಾಡುತ್ತೀಯಲ್ಲ ಎಂದು ಛೇಡಿಸುತ್ತಿದ್ದ. ಆಮೇಲೆ ಒಳಗಿನದು ನಮ್ಮ ಅಡುಗೆಮನೆಗೆ ಬರತೊಡಗಿತು. ಅವಳೂ ಅವನನ್ನು ಅಪ್ಪ ಎಂದೇ ಕರೆದಳು, ಅವನು ತಂಗಿ ಎಂದ. ಅವಳ ಕನ್ನಡ ಪೂರ್ತಿ ಅಪ್ಪನ ಕನ್ನಡ. ಶಾಲೆಯಲ್ಲಿ ಮಕ್ಕಳಿಗೆ ಶುದ್ಧ ಭಾಷೆ ಕಲಿಸುವ ನನಗೆ ಮನೆಯಲ್ಲಿ ಹೀಗೊಂದು ಶಿಕ್ಷೆ ಎಂದು ನಾನು ಗೊಣಗುತ್ತಿದ್ದೆ.

ಅವಳ ದೇಶದಲ್ಲಿ ಸೈನ್ಯ ಅಧಿಕಾರ ಹಿಡಿದದ್ದು, ಅವಳ ಅಣ್ಣನನ್ನು ಮನೆಯಿಂದಲೇ ಕರೆದುಕೊಂಡು ಹೋದದ್ದು ನಮಗೆ ತಡವಾಗಿ ಗೊತ್ತಾಯಿತು. ಅಣ್ಣ ತಿರುಗಿ ಬಂದಿರಲಿಲ್ಲ. ಇವಳು ಇಲ್ಲಿಂದ ಫೋನಿನಲ್ಲಿ ಸೈನ್ಯದ ವಿರುದ್ಧ ಏನೇನೋ ಬರೆದಿದ್ದಳಂತೆ, ಮಗಳು ಎಲ್ಲಿ ಎಂದು ಸೈನಿಕರು ಅವಳ ತಾಯಿಯನ್ನು ಕೇಳಿ ಹೋಗಿದ್ದರು. ಅದೇ ಹೊತ್ತಿಗೆ ಪಾಸ್‌ಪೋರ್ಟಿನ ಅವಧಿ ಮುಗಿಯಿತು. ಅವರ ರಾಯಭಾರ ಕಚೇರಿಯವರು ಊರಿಗೆ ಬಂದು ಮಾಡಿಸಿಕೋ ಎಂದರು. ಪಾಸ್‌ಪೋರ್ಟು ಇಲ್ಲದೆ ಇಲ್ಲಿ ವೀಸಾ ಮುಂದುವರಿಯುವುದಿಲ್ಲ. ಊರಿಗೆ ಹೋದರೆ ಜೈಲು, ಇಲ್ಲವೇ ಅದಕ್ಕಿಂತ ಕೆಟ್ಟದ್ದು. ಇಷ್ಟನ್ನೂ ಅವಳು ನನಗೆ ಹೇಳಿದ್ದು ಬಟ್ಟೆ ಒಣಗಿಸುತ್ತ, ಇನ್ಯಾರದೋ ಮನೆಯ ಸುದ್ದಿ ಹೇಳುವ ಹಾಗೆ.

ನನ್ನ ಕಾಲೇಜಿನ ಗೆಳತಿಯೊಬ್ಬಳ ಮೂಲಕ ಧಾರವಾಡದಲ್ಲಿ ಹೈಕೋರ್ಟಿಗೆ ಹೋಗುವ ವಕೀಲೆಯೊಬ್ಬರ ಪರಿಚಯವಾಯಿತು. ಒಂದು ಭಾನುವಾರ ಹುಡುಗಿಯನ್ನು ಕರೆದುಕೊಂಡು ಘಟ್ಟ ಹತ್ತಿದೆ. ವಕೀಲೆ ಸುಳ್ಳು ಭರವಸೆ ಕೊಡುವವರಲ್ಲ. ನಮ್ಮ ದೇಶದಲ್ಲಿ ನಿರಾಶ್ರಿತರಿಗೆಂದೇ ಒಂದು ಕಾಯ್ದೆ ಇಲ್ಲ ಎಂದು ಮೊದಲೇ ಹೇಳಿದರು. ಇರುವುದು ಎರಡು ದಾರಿ. ದಿಲ್ಲಿಯಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ಇದೆ, ಅಲ್ಲಿ ಅರ್ಜಿ ಹಾಕಬೇಕು. ಅದರ ಚೀಟಿಗೆ ಸರ್ಕಾರ ಬೆಲೆ ಕೊಡಲೇಬೇಕೆಂದಿಲ್ಲ, ಆದರೂ ಬೇಕು. ಇನ್ನೊಂದು, ದೇಶ ಬಿಡು ಎಂದು ನೋಟಿಸು ಬಂದಾಗ ಅದನ್ನು ಹಿಡಿದುಕೊಂಡು ಹೈಕೋರ್ಟಿಗೆ ರಿಟ್ ಹಾಕುವುದು. ಜೀವದ ರಕ್ಷಣೆ ಎಂಬುದು ಸಂವಿಧಾನದಲ್ಲಿ ಪರದೇಶದವರಿಗೂ ಇದೆ. ಈಶಾನ್ಯದ ಕಡೆಯ ಒಂದು ಹೈಕೋರ್ಟು ಬರ್ಮಾದಿಂದ ಬಂದವರಿಗೆ ದಿಲ್ಲಿಗೆ ಹೋಗಿ ಅರ್ಜಿ ಹಾಕಲು ಅವಕಾಶ ಮಾಡಿಕೊಟ್ಟದ್ದೂ ಉಂಟು. ಆದರೆ ಇದೆಲ್ಲ ನ್ಯಾಯಾಧೀಶರ ಮನಸ್ಸಿಗೆ ಬಿಟ್ಟದ್ದು, ಹಾಗಾಗಿ ಅವರ ಮುಂದೆ ನಿಲ್ಲುವಾಗ ಕೈ ಶುದ್ಧ ಇರಬೇಕು ಎಂದರು. ಹುಡುಗಿಯ ಮುಖ ನೋಡಿ ನಿಧಾನವಾಗಿ ಒಂದೇ ಮಾತು ಹೇಳಿದರು: "ಪೊಲೀಸರು ಬಂದ್ರೆ ಬಾಗಿಲು ತೆಗೀರಿ, ನೋಟಿಸು ನೀವೇ ಇಸ್ಕೊಳ್ರಿ, ಸಹಿ ಮಾಡ್ರಿ, ನನಗೆ ಫೋನ್ ಮಾಡ್ರಿ." ಹುಡುಗಿ ತಲೆಯಾಡಿಸಿದಳು. ಮರುದಿನವೇ ದಿಲ್ಲಿಗೆ ಅರ್ಜಿ ಕಳಿಸಿದೆವು.

ಅಪ್ಪನಿಗೂ ಎಲ್ಲ ಬಿಡಿಸಿ ಹೇಳಿದೆ. ಅವನು ಕವಳ ಉಗುಳಿ ಬಂದು ಕೂತು, ನಮಗೂ ಧಾರವಾಡದ ವಕೀಲರು ಹೀಗೇ ಹೇಳಿದ್ದರು, ಕೇಳಿದವರು ಎಲ್ಲಿದ್ದಾರೆ ಎಂದು ಶುರು ಮಾಡಿದ. ಇದು ಜಮೀನಿನ ಕೇಸಲ್ಲ ಮಾರಾಯ, ಇದೇ ಬೇರೆ ಎಂದು ನಾನು ದನಿ ಏರಿಸಿದೆ. "ಎಂತದ್ ಬೇರೆ? ಎಬ್ಸೂದು ಅಂದ್ರೆ ಎಬ್ಸೂದೇ" ಎಂದ. ಅವನ ತಲೆಯಲ್ಲಿ ಒಂದು ಕೂತರೆ ಅದನ್ನು ಕೀಳಲು ಬ್ರಹ್ಮನಿಂದಲೂ ಆಗುವುದಿಲ್ಲ. ನನಗೂ ಸಾಕಾಗಿತ್ತು. ತಿಳಿಯಬೇಕಾದದ್ದು ಹುಡುಗಿಗೆ, ಅವಳಿಗೆ ತಿಳಿದಿದೆ ಎಂದುಕೊಂಡು ಸುಮ್ಮನಾದೆ.

ನೋಟಿಸು ಬಂದ ದಿನ ನನ್ನ ಶಾಲೆಯಲ್ಲಿ ಪರೀಕ್ಷೆ. ಫೋನು ಬ್ಯಾಗಿನಲ್ಲಿ, ಬ್ಯಾಗು ಬೀರುವಿನಲ್ಲಿ. ಸಂಜೆ ಮನೆಗೆ ಬಂದರೆ ಅಪ್ಪ ಭಾರೀ ಹುರುಪಿನಲ್ಲಿದ್ದ. ನನಗೆ ಚಾ ಮಾಡಿಕೊಟ್ಟ. ಅವನು ಚಾ ಮಾಡಿದ್ದು ನಾನು ನೋಡಿಯೇ ಇರಲಿಲ್ಲ. ಹುಡುಗಿ ಎಲ್ಲಿ ಎಂದೆ. ಆಗ ಎಲ್ಲ ಹೊರಬಿತ್ತು. ಪೊಲೀಸನೊಬ್ಬ ಕಾಗದ ಹಿಡಿದು ಗೇಟಿಗೆ ಬಂದಿದ್ದ. ಅಪ್ಪ ಅವಳನ್ನು ಹಿತ್ತಿಲಿನಿಂದ ದಾಟಿಸಿ, ಪಕ್ಕದ ಮನೆಯವರ ಆಟೋದಲ್ಲಿ ಅಂಕೋಲೆಯ ಹತ್ತಿರದ ತನ್ನ ತಂಗಿಯ ಮನೆಗೆ, ಅಂದರೆ ನನ್ನ ಅತ್ತೆಯ ಮನೆಗೆ ಕಳಿಸಿಬಿಟ್ಟಿದ್ದ. ಪೊಲೀಸನಿಗೆ, ಅವಳು ಕೋಣೆ ಖಾಲಿ ಮಾಡಿ ಹೋದಳು, ಎಲ್ಲಿಗೆಂದು ನನಗೇನು ಗೊತ್ತು ಎಂದಿದ್ದ. ಕಾಗದ ಮುಟ್ಟಿಯೂ ಇರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಹೆತ್ತ ಅಪ್ಪನಿಗೆ ಆಡಬಾರದ ಮಾತು ಆಡಿದೆ, ಇಲ್ಲಿ ಬರೆಯಲಾರೆ. ಅವನು ಬೆಪ್ಪಾಗಿ ನಿಂತಿದ್ದ. ಕಾಲನಿಯವರಿಗೆಲ್ಲ ಮಾಡಿದ್ದನ್ನೇ ಮನೆಮಗಳಂತಿದ್ದ ಆ ಹುಡುಗಿಗೂ ಮಾಡಿದ್ದಕ್ಕೆ ಇವಳಿಗೇಕೆ ಇಷ್ಟು ಉರಿ ಎಂದು ಅವನಿಗೆ ಅರ್ಥವೇ ಆಗಲಿಲ್ಲ. ವಕೀಲೆಗೆ ಫೋನು ಹಚ್ಚಿದೆ. ಅವರು ಆದದ್ದನ್ನೆಲ್ಲ ಬರೆದುಕೊಂಡರು. ಆಮೇಲೆ, ಬೆಳಗಾದ ಕೂಡಲೇ ಅವಳನ್ನು ಕರೆದುಕೊಂಡು ಹೋಗಿ ಆ ನೋಟಿಸನ್ನು ಕೇಳಿ ತೆಗೆದುಕೊಳ್ಳಿ ಎಂದರು.

ಮರುದಿನ ಬೆಳಿಗ್ಗೆ ಅತ್ತೆಯ ಮನೆಯಿಂದ ಅವಳನ್ನು ಕರೆದುಕೊಂಡು ಕಾರವಾರಕ್ಕೆ ಹೋದೆ. ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಏಕೆ ಹೋದೆ ಎಂದು ನಾನೂ ಕೇಳಲಿಲ್ಲ. ಮುದುಕನ ಮಾತು ಮೀರಲಾರದೆ ಆಟೋ ಹತ್ತಿದಳು, ಪಾಪ ಎಂದುಕೊಂಡಿದ್ದೆ. ಪೊಲೀಸ್ ಕಚೇರಿಯ ಅಧಿಕಾರಿ ಮರ್ಯಾದಸ್ಥರು. ಕೂರಿಸಿ, ನೀರು ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿದರು. ಆದರೆ ಹಿಂದಿನ ಸಂಜೆಯೇ ವರದಿ ಮೇಲೆ ಹೋಗಿತ್ತು. ನೌಕಾನೆಲೆಯ ಪಕ್ಕದಲ್ಲಿ ವಾಸವಿದ್ದ ಪರದೇಶದವಳು ನೋಟಿಸು ತಪ್ಪಿಸಿಕೊಂಡು ಕಾಣೆಯಾಗಿದ್ದಾಳೆ ಎಂದು. ಬೇರೆ ಊರಾಗಿದ್ದರೆ ಅದು ಅಷ್ಟು ದೊಡ್ಡದಾಗುತ್ತಿರಲಿಲ್ಲವೋ ಏನೋ. ಇನ್ನು ನನ್ನ ಕೈಯಲ್ಲಿಲ್ಲ ಟೀಚರ್ ಎಂದರು ಆ ಅಧಿಕಾರಿ. ಅಂದೇ ಅವಳನ್ನು ಮಹಿಳಾ ಪೊಲೀಸರ ಜೊತೆ ಬೆಂಗಳೂರಿನ ಹತ್ತಿರ ವಿದೇಶಿಯರನ್ನು ಇಡುವ ಕೇಂದ್ರಕ್ಕೆ ಕಳಿಸಿದರು.

ವಕೀಲೆ ರಿಟ್ ಹಾಕಿದರು. ಅಪ್ಪ ಧಾರವಾಡಕ್ಕೆ ಬಂದು, ಕಳಿಸಿದ್ದು ನಾನೇ, ಅವಳದೇನೂ ತಪ್ಪಿಲ್ಲ ಎಂದು ಪ್ರಮಾಣಪತ್ರ ಕೊಟ್ಟ. ನ್ಯಾಯಾಧೀಶರು ಚೆನ್ನಾಗಿಯೇ ಕೇಳಿದರು. ಸರ್ಕಾರದ ವಕೀಲರು ಎದ್ದು, ಯಜಮಾನರು ಕಳಿಸಿದರು ಸರಿ, ಆದರೆ ಆಟೋ ಹತ್ತಿದ್ದು ಯಾರು, ಇವರು ಓದಿದವರಲ್ಲವೇ ಎಂದರು. ನಮ್ಮ ವಕೀಲೆ ಅವಳ ಅಣ್ಣನ ವಿಷಯ, ಜೀವದ ರಕ್ಷಣೆಯ ವಿಷಯ ಮತ್ತೆ ಮುಂದಿಟ್ಟರು. ದಿಲ್ಲಿಯಿಂದ ಬಂದದ್ದು ಅರ್ಜಿ ತಲುಪಿದೆ, ಸಂದರ್ಶನಕ್ಕೆ ಕರೆಯುತ್ತೇವೆ ಎಂಬುದಷ್ಟೇ. ನೋಟಿಸು ಕೈಯಲ್ಲಿ ಹಿಡಿದು ತಾನಾಗಿ ಬಂದಿದ್ದರೆ ವಿಚಾರ ಬೇರೆಯಾಗುತ್ತಿತ್ತು ಎಂದು ಹೇಳಿ ನ್ಯಾಯಾಧೀಶರು ರಿಟ್ ಅರ್ಜಿ ವಜಾ ಮಾಡಿದರು. ಮೇಲ್ಮನವಿಯೂ ನಿಲ್ಲಲಿಲ್ಲ. ಹೊಟ್ಟೆ ಉರಿಯುವುದು ಇದಕ್ಕೇ. ಬಾಗಿಲು ಮುಚ್ಚಿಯೇ ಇದ್ದಿದ್ದರೆ ಹಣೆಬರಹ ಎನ್ನಬಹುದಿತ್ತು. ಒಂದು ಕಿಂಡಿ ತೆರೆದಿತ್ತು, ಅದು ಎಲ್ಲಿದೆ ಎಂದು ನಮಗೆ ಗೊತ್ತೂ ಇತ್ತು.

ಆ ದಿನಗಳಲ್ಲಿ ನಾನು ಅಪ್ಪನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದೆ, ಅದೂ ಚುಚ್ಚಿ. ಅನ್ನ ಬಡಿಸುವಾಗಲೂ ಬಿಡಲಿಲ್ಲ. ಅವನು ಜಗಲಿಗೆ ಕಾಗದ ಹಿಡಿದು ಬಂದವರನ್ನು, ವಕೀಲರ ಹತ್ತಿರ ಹೋಗಿ ಎಂದು ಕಳಿಸತೊಡಗಿದ.

ಅವಳನ್ನು ವಿಮಾನ ಹತ್ತಿಸುವ ಹಿಂದಿನ ದಿನ ನೋಡಲು ಬಿಟ್ಟರು. ಈಗ ಮಳೆಗಾಲ ಕಳೆದು ಚಳಿ ಬಂತು, ಅವಳಿಂದ ಸುದ್ದಿಯಿಲ್ಲ. ಅವಳ ನಂಬರಿಗೆ ಮಾಡಿದರೆ ಬರ್ಮೀ ಭಾಷೆಯಲ್ಲಿ ಯಾರೋ ಹೆಂಗಸು ಹೇಳಿದ್ದನ್ನೇ ಹೇಳುತ್ತಾಳೆ, ಕಂಪನಿಯ ದನಿ. ಅಂದು ನೋಡಿದ್ದೇ ಕೊನೆ.

ಮೇಜಿನ ಆಚೆ ಅವಳು, ಈಚೆ ನಾವಿಬ್ಬರು. ತೆಳ್ಳಗಾಗಿದ್ದಳು. ಅಪ್ಪ ಕೂತ ಕೂಡಲೇ, "ತಪ್ಪಾಗೋಯ್ತು ತಂಗಿ, ನಾ ನಿನ್ನ ಹಾಳ್ ಮಾಡ್ದೆ" ಎಂದು ಅತ್ತುಬಿಟ್ಟ. ಆಯಿ ಹೋದಾಗಲೂ ಅವನು ನಮ್ಮೆದುರು ಅತ್ತಿರಲಿಲ್ಲ.

ಅವಳು ಅವನ ಕೈ ಹಿಡಿದುಕೊಂಡು ಹಾಗಲ್ಲ ಎಂದಳು. ವಕೀಲೆ ಹೇಳಿದ್ದು ತನಗೆ ಅಕ್ಷರಕ್ಷರ ನೆನಪಿತ್ತಂತೆ. ಆದರೆ ಗೇಟಿನಲ್ಲಿ ಖಾಕಿ ಕಂಡ ಕೂಡಲೇ, ಅಪ್ಪ ಬಾಯಿ ತೆರೆಯುವ ಮೊದಲೇ, ತಾನು ಹಿತ್ತಿಲಿನಲ್ಲಿದ್ದೆ ಎಂದಳು. ಅವಳ ಅಣ್ಣನನ್ನು ಕರೆಯಲು ಬಂದಾಗ ಬಾಗಿಲು ತೆಗೆದವನು ಅವಳ ಸ್ವಂತ ತಂದೆ. ನಾವು ತಪ್ಪು ಮಾಡಿಲ್ಲ, ಹೆದರುವುದೇಕೆ, ಹೋಗಿ ಕೇಳಿದ್ದಕ್ಕೆ ಮರ್ಯಾದೆಯಿಂದ ಉತ್ತರ ಹೇಳು ಎಂದು ಅವನೇ ಮಗನನ್ನು ಹೊರಗೆ ಕಳಿಸಿದ್ದ. ಅಣ್ಣ ತಲೆ ಬಾಚಿಕೊಂಡು ಹೋದನಂತೆ. ನೀವು ಹಿಡಿದು ನಿಲ್ಲಿಸಿದ್ದರೂ ನಾನು ಅಂದು ನಿಲ್ಲುತ್ತಿರಲಿಲ್ಲ ಅಪ್ಪ ಎಂದಳು.

ನಾನು ಮೇಜು ನೋಡುತ್ತ ಕೂತೆ. ಇಷ್ಟು ದಿನ ಆ ಮುದುಕನಿಗೆ ಅಂದ ಮಾತುಗಳನ್ನೆಲ್ಲ ಎಲ್ಲಿ ಇಡಲಿ ಎಂದು ತಿಳಿಯಲಿಲ್ಲ. ಹೊತ್ತಾಯಿತು ಎಂದು ಕಾವಲಿನ ಹೆಂಗಸು ಬಂದು ನಿಂತಳು. ಹುಡುಗಿ ಏಳಲಿಲ್ಲ. ಅಪ್ಪನ ಕೈ ಬಿಡದೆ, ಅವನದೇ ಕನ್ನಡದಲ್ಲಿ ಮೆಲ್ಲಗೆ ಕೇಳಿದಳು.

"ಅಲ್ಲಿ ಬಾಗ್ಲ ತೆಗ್ದು ಅಣ್ಣ ಹೋದ. ಇಲ್ಲಿ ತೆಗೀದೆ ನಾ ಹೋಗ್ತೆ. ಇನ್ ಅಲ್ಲಿ ನಮ್ಮನಿಗೆ ಬಂದು ಬಾಗ್ಲ ಬಡದ್ರೆ ನಾ ಎಂತಾ ಮಾಡ್ಲಿ ಅಪ್ಪ?"

ಅಪ್ಪ ನನ್ನ ಮುಖ ನೋಡಿದ. ಅವಳೂ ನನ್ನ ಕಡೆ ನೋಡಿದಳು, ಆಮೇಲೆ ಅವನ ಕೈ ಬಿಟ್ಟು ಎದ್ದು ಒಳಗೆ ಹೋದಳು.