ನಾನೂರು ಚೌಕ, ಎಂಟು ದಿನದ ಪಾಸ್

ಮಾರ್ಚ್ ಹದಿನೇಳರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಉಪೇಂದ್ರ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನ ತಮ್ಮ ಅಡುಗೆಮನೆಯಲ್ಲಿ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಫ್ರಿಜ್‌ನ ಬಾಗಿಲಿಗೆ ಅಂಟಿಸಿದ ಒಂದು ಹಾಳೆಯನ್ನು ಹದಿನಾಲ್ಕು ಇಂಚು ದೂರದಿಂದ ನೋಡುತ್ತ ನಿಂತಿದ್ದರು. ಹಾಳೆಯ ಮೇಲೆ ಅಡ್ಡಕ್ಕೆ ಇಪ್ಪತ್ತು, ಉದ್ದಕ್ಕೆ ಇಪ್ಪತ್ತು, ಒಟ್ಟು ನಾನೂರು ಚೌಕ. ನಟ್ಟನಡುವೆ ಒಂದು ಕಪ್ಪು ಚುಕ್ಕೆ. ದೃಷ್ಟಿಯನ್ನು ಚುಕ್ಕೆಯಿಂದ ಕದಲಿಸದೆ, ಸೊಟ್ಟಗೆ ಕಾಣುವ ಅಥವಾ ಅಳಿಸಿಹೋದಂತಿರುವ ಚೌಕಗಳನ್ನು ಎಣಿಸಬೇಕು. ಎಡಗಣ್ಣಿನ ನಡುಭಾಗ ನಾಲ್ಕು ವರ್ಷದ ಹಿಂದೆಯೇ ಹೋಗಿತ್ತು. ಈಗ ಎಣಿಸುತ್ತಿದ್ದದ್ದು ಬಲಗಣ್ಣಿನದು.

ಪಕ್ಕದಲ್ಲಿ ಹೆಂಡತಿ ಶಾರದ, ಲೆಮಾಂಟ್ ದೇವಸ್ಥಾನದ ಕ್ಯಾಲೆಂಡರಿನ ಮುಂದೆ ಪೆನ್ನು ಹಿಡಿದು ಕಾಯುತ್ತಿದ್ದರು. ಒಬ್ಬರು ಅಂಕಿಯನ್ನು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಹೇಳಿ ಬರೆಯಬೇಕು. ಎಲ್ಕ್ ಗ್ರೋವ್ ವಿಲೇಜಿನ ಯಂತ್ರಭಾಗಗಳ ಕಾರ್ಖಾನೆಯ ಅಳತೆ ಕೋಣೆಯಲ್ಲಿ ಉಪೇಂದ್ರ ಮೂವತ್ತೊಂದು ವರ್ಷ ನಡೆಸಿದ ಪದ್ಧತಿ ಅದು. ನಿವೃತ್ತರಾದ ಮೇಲೂ ಬಿಟ್ಟಿರಲಿಲ್ಲ.

ಆ ದಿನ ಎಣಿಕೆ ಹತ್ತನ್ನು ದಾಟಿತು. ಉಪೇಂದ್ರ ಮೊದಲಿನಿಂದ ಮತ್ತೊಮ್ಮೆ ಎಣಿಸಿದರು. ಅಷ್ಟೇ ಬಂತು. ಕೈ ಕೆಳಗಿಳಿಸಿ, "ಒಂಬತ್ತು" ಎಂದರು.

"ಒಂಬತ್ತು" ಎಂದು ಶಾರದ ಬರೆದುಕೊಂಡರು.

ಹಿಂದಿನ ದಿನ ಒಂಬತ್ತೇ ಇತ್ತು. ಮುಂದಿನ ಮೂರು ವಾರದ ಮಟ್ಟಿಗೆ ಅದೇ ಅವರ ಬಾಯಿಂದ ಬಂದ ಕೊನೆಯ ನಿಜವಾದ ಅಂಕಿ.

ಹತ್ತು ದಾಟಿದರೆ ಅದೇ ದಿನ ಫೋನ್ ಮಾಡಬೇಕೆಂದು ಕಣ್ಣಿನ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಕಣ್ಣು ಒಂದು ಮಟ್ಟಕ್ಕೆ ನಿಂತಿದೆಯೆಂದು, ಬಲಗಣ್ಣಿಗೆ ಕೊಡುವ ಇಂಜೆಕ್ಷನ್ನುಗಳ ನಡುವಿನ ಅಂತರವನ್ನು ನಾಲ್ಕು ವಾರದಿಂದ ಹತ್ತು ವಾರಕ್ಕೆ ಏರಿಸಿದ್ದರು. ಮುಂದಿನದು ಏಪ್ರಿಲ್ ಇಪ್ಪತ್ತೊಂದಕ್ಕೆ, ಅದರಾಚೆಯದು ಜೂನ್ ಕೊನೆಗೆ. ಆ ಎರಡರ ನಡುವಿನ ಹತ್ತು ವಾರದಲ್ಲಿ ಒಂದು ಇಡೀ ತಿಂಗಳು ಸ್ಕ್ಯಾಂಡಿನೇವಿಯಾ ಸುತ್ತಬಹುದಿತ್ತು. ಹತ್ತು ದಾಟಿತೆಂದು ಹೇಳಿದರೆ ಅಂತರ ಮತ್ತೆ ನಾಲ್ಕು ವಾರಕ್ಕಿಳಿಯುತ್ತದೆ, ಪ್ರವಾಸ ರದ್ದಾಗುತ್ತದೆ. ಅದು ರದ್ದಾದರೆ ಮುಂದಿನ ವರ್ಷ ನೋಡಲು ಕಣ್ಣು ಉಳಿದಿರುತ್ತದೆಂದು ಯಾರು ಹೇಳಬಲ್ಲರು?

ಆಸೆ ಹಳೆಯದು. ಅಳತೆ ಕೋಣೆಯಲ್ಲಿ ಉಪೇಂದ್ರ ದಿನವೂ ಮೊದಲು ತೆರೆಯುತ್ತಿದ್ದದ್ದು ಸ್ವೀಡನ್ನಿನಿಂದ ಬಂದ ಮರದ ಪೆಟ್ಟಿಗೆಯನ್ನು. ಒಳಗೆ ಉಕ್ಕಿನ ಅಳತೆಯ ತುಂಡುಗಳಿರುತ್ತಿದ್ದವು. ಕೂದಲೆಳೆಯ ನೂರನೇ ಒಂದು ಪಾಲಿನಷ್ಟೂ ತಪ್ಪಿಲ್ಲದವು. ಮುಚ್ಚಳದ ಒಳಬದಿಗೆ ಯಾರೋ ಅಂಟಿಸಿದ್ದ ಚಿತ್ರದಲ್ಲಿ ಹಿಮದ ಬೆಟ್ಟ, ಅದನ್ನು ಬಳಸಿ ಹೋಗುವ ಒಂದು ರೈಲು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಂದ ಮನುಷ್ಯ ಕಿಟಕಿಯಿಲ್ಲದ, ಸದಾ ಅರವತ್ತೆಂಟು ಡಿಗ್ರಿ ಫ್ಯಾರನ್‌ಹೀಟಿನ ಆ ಕೋಣೆಯಲ್ಲಿ ಮೂವತ್ತೊಂದು ವರ್ಷ ಆ ರೈಲನ್ನು ನೋಡಿದ್ದರು.

ಏಪ್ರಿಲ್ ಐದರ ಭಾನುವಾರ ಮಧ್ಯಾಹ್ನ ಗೆಳೆಯ ಸಂಗನಬಸಪ್ಪ ಬಂದರು. ಡೆಟ್ರಾಯಿಟ್ ಕಡೆಯ ಕಾರಿನ ಕಾರ್ಖಾನೆಯಲ್ಲಿ ದುಡಿದು, ಮಗಳ ಮನೆಗೆ ಹತ್ತಿರವೆಂದು ಇತ್ತ ಬಂದ ಬಾಗಲಕೋಟೆಯವರು. ಹೆಂಡತಿ ಜಯದೇವಿಯೊಂದಿಗೆ ಹಿಂದಿನ ಬೇಸಿಗೆಯಲ್ಲಿ ಅದೇ ಪ್ರವಾಸ ಮುಗಿಸಿದ್ದರು. ಊಟದ ಮೇಜಿನ ಮೇಲೆ ಉಪೇಂದ್ರರ ಪ್ರವಾಸದ ಲೆಕ್ಕದ ಹಾಳೆಗಳು ಹರಡಿದ್ದವು.

"ಏನ್ರಿ ಸರ, ಇನ್ನೂ ಲೆಕ್ಕಾನ ನಡದೈತಿ? ನಾವು ಹೋಗಿ ಬಂದು ವರ್ಷ ಆಗಾಕ ಬಂತು."

"ನೀವು ಎಷ್ಟು ದಿನದ ರೈಲು ಪಾಸ್ ತಗೊಂಡಿದ್ರಿ?" ಎಂದು ಉಪೇಂದ್ರ ಕೇಳಿದರು.

"ಎಂಟು ದಿನದ್ದು. ಒಂದು ತಿಂಗಳೊಳಗ ಯಾವ ಎಂಟು ದಿನಾ ಆದ್ರೂ ಹತ್ತಬಹುದು. ಖರೇ ಹೇಳ್ಬೇಕಂದ್ರ ಐದು ದಿನಾ ಅಷ್ಟ ಹತ್ತಿದ್ವಿ. ಉಳಿದದ್ದು ಜಯದೇವಿ ಕಾಲ್ನೋವಿಗೆ ಹೋತು."

"ನೋಡಿ, ಅದಕ್ಕೇ ನಾನು ಬಿಡಿ ಟಿಕೆಟ್ ಸಾಕು ಅನ್ನೋದು" ಎಂದು ಶಾರದ ನಕ್ಕರು. "ಕೇಳಲ್ಲ ಇವರು."

ಉಪೇಂದ್ರರ ಪಟ್ಟಿಯಲ್ಲಿದ್ದದ್ದು ಐದು ದೊಡ್ಡ ಪ್ರಯಾಣ. ಕೋಪನ್‌ಹೇಗನ್ನಿನಿಂದ ಸ್ಟಾಕ್‌ಹೋಮ್, ಅಲ್ಲಿಂದ ಓಸ್ಲೊ, ಓಸ್ಲೊದಿಂದ ಬೆಟ್ಟ ದಾಟಿ ಬರ್ಗನ್, ಮರಳಿ ಓಸ್ಲೊ, ಕೊನೆಗೆ ಉತ್ತರದ ಟ್ರಾನ್‌ಹೈಮ್. ಮೊದಲೇ ಕೊಂಡರೆ ಬಿಡಿ ಟಿಕೆಟ್ಟೇ ಅಗ್ಗ. ಪಾಸ್ ಇದ್ದರೂ ದೂರದ ರೈಲುಗಳಲ್ಲಿ ಸೀಟಿಗೆ ಬೇರೆ ಕೊಡಬೇಕು. ಆದರೆ ಅಗ್ಗದ ಟಿಕೆಟ್ಟಿನ ದಿನ ಬದಲಾಯಿಸಲು ಬರುವುದಿಲ್ಲ. ಐದರಲ್ಲಿ ಎರಡು ದಿನ ಅತ್ತಿತ್ತ ಆದರೂ ಸಾಕು, ಪಾಸೇ ಮೇಲು. ಲೆಕ್ಕ ಸರಿಯಾಗಿತ್ತು. ಅದನ್ನು ಅವರು ಬಿಡಿಸಿ ಹೇಳಿ, "ಆದ್ದರಿಂದ ಪಾಸೇ ಸೂಕ್ತ" ಎಂದು ಮುಗಿಸಿದರು.

"ಅತ್ತಿತ್ತ ಯಾಕಾಗುತ್ತೆ?" ಶಾರದ ಕೇಳಿದರು. "ನನ್ನ ಕಾಲು ಗಟ್ಟಿ ಇದೆ. ಹೋಟೆಲ್ ಬುಕ್ ಮಾಡೋಳು ನಾನೇ. ನಿಮ್ಮ ಕಣ್ಣು ಮೂರು ವಾರದಿಂದ ಒಂದೇ ಸಮ ಇದೆ. ನಂಬರೇ ಅಲುಗಾಡ್ತಿಲ್ಲ ಅಂದ್ಮೇಲೆ ದಿನ ಯಾಕ್ರೀ ಅಲುಗಾಡ್ಬೇಕು?"

ಉಪೇಂದ್ರ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು. ಸಂಗನಬಸಪ್ಪ ಮಾತು ತೇಲಿಸಲೆಂದು ಫೋನ್ ಮುಂದೆ ಹಿಡಿದು, "ಇಲ್ನೋಡ್ರಿ, ಪಾಸ್ ಎಲ್ಲಾ ಫೋನಿನಾಗ. ಹತ್ತೂ ಮುಂಚೆ ರೈಲಿನ ನಂಬರ್ ಹಾಕಿ, ಈ ಕೋಡಿನ ಚೌಕ ಕಂಡಕ್ಟರಗ ತೋರ್ಸೋದು. ಇದು ಯಾವ ಊರಿಂದು, ಓದ್ರಿ ನೋಡೋಣು" ಎಂದರು.

ಉಪೇಂದ್ರ ಕತ್ತನ್ನು ಪಕ್ಕಕ್ಕೆ ವಾಲಿಸಿ ಫೋನನ್ನು ಓರೆಯಾಗಿ ನೋಡಿದರು. "ಬರ್ಗನ್" ಎಂದರು.

"ಸ್ಟಾಕ್‌ಹೋಮ್ ಅದು" ಎಂದ ಸಂಗನಬಸಪ್ಪ, ಶಾರದರ ಮುಖ ನೋಡಿ ಫೋನನ್ನು ಜೇಬಿಗಿಳಿಸಿದರು. "ನಾ ಬರ್ತೀನ್ರಿ ಅಕ್ಕಾರ. ಮೊಮ್ಮಕ್ಕಳನ್ನ ಈಜಾಕ ಬಿಡೂದೈತಿ."

ಬಾಗಿಲು ಮುಚ್ಚಿ ಬಂದ ಶಾರದ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲಿಟ್ಟರು. ಮಾರ್ಚಿನ ಮೊದಲ ಎರಡು ವಾರ ಏಳು, ಎಂಟು, ಏಳು, ಒಂಬತ್ತು, ಎಂಟು ಎಂದು ಅಂಕಿ ಏರಿಳಿದಿತ್ತು. ಹದಿನಾರರಿಂದ ಇವತ್ತಿನವರೆಗೆ ಇಪ್ಪತ್ತೊಂದು ಒಂಬತ್ತುಗಳು.

"ಮಂಜೇಶ್ ಅಂತ ಇದ್ದ ನಿಮ್ಮ ಅಳತೆ ಕೋಣೆಯಲ್ಲಿ" ಎಂದರು. "ಐದು ದಿನ ಒಂದೇ ಅಳತೆ ಬರೆದಿದ್ದ. ನೀವು ಏನು ಹೇಳಿದ್ರಿ ಅವನಿಗೆ? ಮನೆಗೆ ಬಂದು ನನಗೂ ಹೇಳಿದ್ರಿ."

ಉಪೇಂದ್ರರಿಗೆ ನೆನಪಿತ್ತು. ಅಲುಗಾಡದ ಅಳತೆ ಅಂದರೆ ಉಪಕರಣ ಸತ್ತಿದೆ, ಇಲ್ಲವೇ ನೀನು ನೋಡಿಲ್ಲ ಎಂದಿದ್ದರು. ಹುಡುಗನನ್ನು ಬೇರೆ ವಿಭಾಗಕ್ಕೆ ಕಳಿಸಿದ್ದರು. ಇಪ್ಪತ್ತೊಂದು ದಿನದಲ್ಲಿ ಒಂದು ಸಲ ಎಂಟು, ಒಂದು ಸಲ ಹತ್ತು ಎಂದಿದ್ದರೆ ಶಾರದ ನಂಬುತ್ತಿದ್ದರು. ಆದರೆ ನೋಡದ ಅಂಕಿಯನ್ನು ಕಟ್ಟಿ ಹೇಳುವುದು ಅವರಿಂದ ಆಗಲಿಲ್ಲ. ಹದಿನಾರರಂದು ನಿಜವಾಗಿ ಎಣಿಸಿದ್ದ ಒಂಬತ್ತನ್ನೇ ದಿನವೂ ಹೇಳಿದ್ದರು.

"ನೋಡಿಲ್ಲ ಅಂತ ಅಲ್ಲ" ಎಂದರು ಮೆಲ್ಲಗೆ. "ನೋಡಿದೀನಿ. ಹೇಳಿಲ್ಲ."

ಶಾರದ ಬೈಯಲಿಲ್ಲ. ಅವರನ್ನು ಹಾಳೆಯ ಮುಂದೆ ನಿಲ್ಲಿಸಿ, ಪೆನ್ಸಿಲಿನ ಮೊನೆಯನ್ನು ಒಂದೊಂದೇ ಚೌಕದ ಮೇಲಿಟ್ಟರು.

"ಇದು?"

"ಇದೆ."

"ಇದೆ. ಇದು?"

"ಇಲ್ಲ."

"ಇಲ್ಲ."

ನಾನೂರು ಚೌಕಕ್ಕೆ ನಲವತ್ತು ನಿಮಿಷ ಹಿಡಿಯಿತು. ಏಳನೇ ಸಾಲಿನಿಂದ 'ಇಲ್ಲ'ಗಳು ಹೆಚ್ಚಾದವು. ಆದರೂ ಶಾರದ ತಿರುಗಿ ಹೇಳುವುದನ್ನು ನಿಲ್ಲಿಸಲಿಲ್ಲ. ಇಲ್ಲವಾದ ಚೌಕಗಳು ಅರವತ್ತೆರಡು.

ಮರುದಿನ ಬೆಳಿಗ್ಗೆ ಎಂಟಕ್ಕೇ ಕ್ಲಿನಿಕ್ಕಿಗೆ ಹೋದರು. ಕಾರು ಓಡಿಸಿದ್ದು ಶಾರದ. ಕಣ್ಣಿನ ಪದರದ ಕೆಳಗೆ ರಕ್ತ ಒಸರಿ, ನಿಂತು, ಕಲೆಗಟ್ಟಲು ಶುರುವಾಗಿತ್ತು. ಕಲೆಯಾದ ಜಾಗಕ್ಕೆ ಇಂಜೆಕ್ಷನ್ ಏನೂ ಮಾಡಲಾರದು, ಉಳಿದದ್ದನ್ನು ಕಾಯಬಹುದು ಅಷ್ಟೆ ಎಂದರು ಡಾಕ್ಟರು. ಇನ್ನು ತಪ್ಪದೆ ನಾಲ್ಕು ವಾರಕ್ಕೊಂದು. ಮೂರು ವಾರ ಮೊದಲೇ ಬಂದಿದ್ದರೆ ಬಹುಪಾಲು ಉಳಿಯುತ್ತಿತ್ತೆಂಬುದನ್ನೂ ಅವರು ಮುಚ್ಚಿಡಲಿಲ್ಲ. ಕೊನೆಗೆ ದಾಖಲೆಗೆಂದು, ಮಾರ್ಚ್ ಹದಿನೇಳರಂದು ನಿಜವಾಗಿ ಎಣಿಸಿದ್ದು ಎಷ್ಟು ಎಂದು ಕೇಳಿದರು. ಉಪೇಂದ್ರ ಹೇಳಿದರು. ಅಭ್ಯಾಸಬಲದಿಂದ ಶಾರದರ ತುಟಿಯೂ ಅದನ್ನೇ ತಿರುಗಿ ಹೇಳಿತು.

ಮರಳುವಾಗ, ಹೆದ್ದಾರಿಯಿಂದ ಮನೆಯತ್ತ ಇಳಿಯುವ ಎಕ್ಸಿಟ್ ಬಂದಾಗ ಶಾರದ ಕೇಳಿದರು: "ಐದರಲ್ಲಿ ಒಂದೇ ಒಂದು ರೈಲು ಅಂದ್ರೆ ಯಾವುದು?"

"ಏನು ನೋಡ್ತೀನಿ ಅಂತ ಹೋಗೋದು?"

"ಕೇಳಿದ್ದಕ್ಕೆ ಹೇಳಿ."

"ಬೆಟ್ಟದ್ದು. ಓಸ್ಲೊ, ಬರ್ಗನ್."

"ಪಾಸ್ ಬೇಡ ಹಾಗಾದ್ರೆ. ಎರಡು ಬಿಡಿ ಟಿಕೆಟ್. ಇಂಜೆಕ್ಷನ್ ಆಗಿ ಹತ್ತನೇ ದಿನಕ್ಕೆ. ದಿನ ಬದಲಾಯಿಸೋ ಹಾಗಿಲ್ಲ, ನೀವೂ ನಂಬರ್ ಬದಲಾಯಿಸೋ ಹಾಗಿಲ್ಲ."

"ಆಯ್ತು" ಎಂದರು ಉಪೇಂದ್ರ. ಹಿಮ ಅಂಚಿನಲ್ಲಿಯಾದರೂ ಬೆಳ್ಳಗೆ ಕಂಡೀತು ಎಂದುಕೊಂಡರು. ಅದರ ಮೇಲೆ ಹೋಗುವ ರೈಲಿನ ಗೆರೆ ಕಾಣುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು.

ಮನೆಗೆ ಬಂದ ಶಾರದ ಚಪ್ಪಲಿಯನ್ನೂ ಬಿಡದೆ ಕ್ಯಾಲೆಂಡರಿನ ಮಾರ್ಚ್ ತಿಂಗಳನ್ನು ತೆರೆದರು. ಉಳಿದ ಒಂಬತ್ತುಗಳನ್ನು ಮುಟ್ಟಲಿಲ್ಲ. ಹದಿನಾರರದು ನಿಜವೇ ಇತ್ತು, ಮಿಕ್ಕವುಗಳ ನಿಜವಾದ ಅಂಕಿಯನ್ನು ಎಲ್ಲೂ ಬರೆದಿಡದ್ದರಿಂದ ಈಗ ಯಾರೂ ಹೇಳುವಂತಿರಲಿಲ್ಲ. ಹದಿನೇಳರದಕ್ಕೆ ಮಾತ್ರ ಒಂದು ಗೆರೆ ಎಳೆದು, ಗಂಡ ಡಾಕ್ಟರ ಮುಂದೆ ಗಟ್ಟಿಯಾಗಿ ಹೇಳಿದ್ದನ್ನು ಅದರ ಪಕ್ಕ ಬರೆದರು: ಇಪ್ಪತ್ತಮೂರು.